ಗದುಗಿನ ಅಂಧ ಗಾಯಕರ ಗುರುಕುಲ

ಬಾನುಲಿಯ ಮುಂದೆ ಕುಳಿತವರಿಗೆ ಹಾಡುವವರ ಮುಖ ಕಾಣುವುದಿಲ್ಲ. ಅವರ ಉಡಿಗೆ ತೊಡಿಗೆಯಾಗಲಿ ಹಾವಭಾವವಾಗಲಿ ನಮಗೆ ಬೇಕಾಗಿಲ್ಲ. ಸ್ವರ ಶುದ್ಧವಾಗಿ, ಲಯ ಖಚಿತವಾಗಿ ಇದ್ದರೆ ಸಾಕು. ಸಂಗೀತಕ್ಕೆ ಕಣ್ಣಿನ ಹಂಗು ಕಡಮೆಯೆಂಬುದನ್ನು ಮನೆಯಲ್ಲಿ ಬಾನುಲಿಯುಳ್ಳವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ಆ ಮಾತನ್ನು ನಂಬಿ, ಕಣ್ಣಿಲ್ಲದ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಒಂದೇ ಸೂರಿನಡಿ ಒದಗಿಸಿದ ಸಂಸ್ಥೆಯೊಂದು ನಮ್ಮ ನಾಡಿನಲ್ಲಿ ಬೆಳೆದು ಬಂದ ಬಗೆ ತಿಳಿಯತಕ್ಕದ್ದಾಗಿದೆ. ಅದೇ ಗದುಗಿನ ವೀರೇಶ್ವರ ಪುಣ್ಯಾಶ್ರಮ.

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನಲ್ಲಿ ಕಾಡಶೆಟ್ಟಿಹಳ್ಳಿ ಎಂಬ ಸಣ್ಣ ಊರಿದೆ. ಅಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಬಾಲಕನು ಜನಿಸಿದನು. ಅವನಿಗೂ ಅವನ ಅಣ್ಣ ಗುರುಬಸಯ್ಯನಿಗೂ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಬಡಮನೆಯಲ್ಲಿ ಹುಟ್ಟಿದ ಅಂಧ ಬಾಲಕನಿಗೆ ಅಂದು ತೆರೆದಿದ್ದ ದಾರಿ ಎಂಥದು? ಮನೆಯ ಮೂಲೆ; ತಪ್ಪಿದರೆ ಗುಡಿಯ ಮುಂದಿನ ಭಿಕ್ಷೆ. ಸೋದರರ ಕಂಠವನ್ನು ಗುರುತಿಸಿ ಅವರನ್ನು ಈ ಗತಿಯಿಂದ ಪಾರುಮಾಡಿದವರು ಹಾನಗಲ್ಲ ಕುಮಾರ ಸ್ವಾಮಿಗಳು. 1909ರಲ್ಲಿ ಬಾದಾಮಿಯ ಸಮೀಪ, ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹನೀಯರು ಅವರೇ. ಅವರ ಆಶ್ರಯದಲ್ಲಿ ಗದಿಗೆಯ್ಯನು ಮೊದಲು ಕರ್ನಾಟಕ ಸಂಗೀತವನ್ನೂ, ಮುಂದೆ ನೀಲಕಂಠ ಬುವಾ ಅವರಲ್ಲಿ ಹಿಂದುಸ್ಥಾನಿ ಸಂಗೀತವನ್ನೂ ಕಲಿತು ಪಂಚಾಕ್ಷರಿ ಗವಾಯಿ ಎಂದು ಹೆಸರಾದನು.

ವಿದ್ಯೆ ಕೈಸೇರಿದ ಮೇಲೆ ಗವಾಯಿಗಳು ತಮ್ಮ ಪಾಡನ್ನು ತಾವು ನೋಡಿಕೊಳ್ಳಬಹುದಾಗಿತ್ತು. ಹಾಗೆ ಮಾಡದೆ, ತಮ್ಮಂತೆಯೇ ಇದ್ದ ಅಂಧ, ಅನಾಥ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುವ ಪಾಠಶಾಲೆಯನ್ನು ನಡೆಸಿದರು. ಶಾಲೆ ತಂಗಿದ ಊರಿನವರು ಜೋಳ, ಬೇಳೆ ಕೊಟ್ಟರೆ ಅಂದಿನ ಒಲೆ ಉರಿಯುತ್ತಿತ್ತು. ಮಕ್ಕಳ ಹೊಟ್ಟೆ ತುಂಬಿಸಲೆಂದೇ ಅವರು ನಾಟಕ ಸಂಘವನ್ನೂ ಕಟ್ಟಿದರು. ಕೊನೆಗೆ ಗದುಗಿನ ಬಸರಿಗಿಡದ ವೀರಪ್ಪನವರಂಥ ದಾನಿಗಳ ನೆರವಿನಿಂದ ಶಾಲೆಗೆ ನೆಲೆ ದೊರೆಯಿತು. ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರು.

ಕಲಿಸುವ ಕ್ರಮವನ್ನೂ ಇಲ್ಲಿ ಗಮನಿಸಬೇಕು. ಪ್ಯಾರಿಸಿನ ಅಂಧ ಶಾಲೆಯ ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಚುಕ್ಕೆಯ ಲಿಪಿಯಲ್ಲಿ ಅಕ್ಷರಗಳೊಡನೆ ಸಂಗೀತವನ್ನು ಬರೆಯುವ ವಿಧಾನವೂ ಸೇರಿತ್ತು. ಬರೆದುದನ್ನು ನೋಡಿ ನುಡಿಸುವ ಆ ಸಂಗೀತಕ್ಕೆ ಅದು ಅವಶ್ಯವಾಗಿತ್ತು. ನಮ್ಮ ಸಂಗೀತವಾದರೋ ಗುರುಮುಖದಿಂದ ಬರತಕ್ಕದ್ದು. ಕಣ್ಣುಳ್ಳವನೂ ಇದನ್ನು ಕಿವಿಯಿಂದಲೇ ಕಲಿಯಬೇಕು. ತೀನ್‌ತಾಲದ 16 ಮಾತ್ರೆಗಳಲ್ಲಿ ಒಂಬತ್ತನೆಯದು ಖಾಲಿ. ಅಲ್ಲಿ ಕೈಯನ್ನು ಸದ್ದಿಲ್ಲದೆ ಬೀಸುತ್ತಾರೆ. ಅದು ಅಂಧನಿಗೆ ಕಾಣದು. ಆದರೆ ಆ ಭಾಗದಲ್ಲಿ ಎಡಗೈಯ ಬಾಯಾದ ಗುಂಭನಾದ ನಿಂತು 'ಧಾ' ಹೋಗಿ 'ತಾ' ಬರುತ್ತದೆ. ಕಿವಿ ಅದನ್ನು ಒಡನೆ ಹಿಡಿಯುತ್ತದೆ. ಹಾರ್ಮೋನಿಯಮ್ಮಿನ ಕಪ್ಪು ಪಟ್ಟಿಗಳು ಎರಡು, ಮೂರು, ಮತ್ತೆ ಎರಡು, ಮೂರು ಎಂದು ಎದ್ದು ನಿಂತಿರುವುದರಿಂದ ಬೆರಳು ತಾನಾಗಿ ಷಡ್ಜವನ್ನು ಹುಡುಕಿಕೊಳ್ಳುತ್ತದೆ. ತಬಲಾದ ಬೋಲು ಮೊದಲು ಬಾಯಿಗೆ ಬಂದು, ಆಮೇಲೆ ಕೈಗೆ ಇಳಿಯುತ್ತದೆ.

ಆದುದರಿಂದಲೇ ಈ ಗುರುಕುಲದಲ್ಲಿ ಅಂಧರೂ ಕಣ್ಣುಳ್ಳವರೂ ಒಂದೇ ಚಾಪೆಯ ಮೇಲೆ ಕುಳಿತರು. 1936ರಲ್ಲಿ ಹಂಪೆಯಲ್ಲಿ ವಿಜಯನಗರದ 600ನೆಯ ವರ್ಷದ ಉತ್ಸವ ನಡೆದಾಗ ತರುಣ ಬಸವರಾಜ ರಾಜಗುರು ಹಾಡಿದರು. ಗುರುಗಳಾದ ಪಂಚಾಕ್ಷರಿ ಗವಾಯಿಗಳೇ ತಬಲಾ ಸಾಥಿಗೆ ಕುಳಿತರು. ಕಣ್ಣಿಲ್ಲದ ಗುರು ಕಣ್ಣುಳ್ಳ ಶಿಷ್ಯನನ್ನು ನಾಡಿಗೆ ತೋರಿಸಿಕೊಟ್ಟ ಆ ದಿನ, ಅಂಧನು ಪರರ ಕೈ ಕಾಯುವವನೆಂಬ ನಂಬಿಕೆ ಸಾವಿರಾರು ಜನರ ಎದುರಿಗೆ ಸುಳ್ಳಾಯಿತು.

ಗುರುಗಳ ಅನಂತರ ಆಶ್ರಮದ ಭಾರವನ್ನು ಹೊತ್ತವರು ಪುಟ್ಟರಾಜ ಗವಾಯಿಗಳು. 1914ರಲ್ಲಿ ಹುಟ್ಟಿದ ಅವರು ಎಳೆಗೂಸಾಗಿದ್ದಾಗಲೇ ದೃಷ್ಟಿಯನ್ನು ಕಳೆದುಕೊಂಡಿದ್ದರು. ಗಾಯನದೊಡನೆ ಹಾರ್ಮೋನಿಯಂ, ತಬಲಾ, ಪಿಟೀಲು ಮೊದಲಾದ ವಾದ್ಯಗಳು ಅವರಿಗೆ ವಶವಾಗಿದ್ದವು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿದರು. ಭಕ್ತರು ನಾಣ್ಯದಿಂದ ಅವರ ತುಲಾಭಾರ ಮಾಡಿದಾಗಲೆಲ್ಲ ಆ ಹಣ ಮಕ್ಕಳ ದಾಸೋಹಕ್ಕೆ ಸಂದಿತು. ಅಲ್ಲಿ ಜಾತಿಯನ್ನು ಕೇಳುವ ಪದ್ಧತಿ ಇರಲಿಲ್ಲ. ಎಂ. ವೆಂಕಟೇಶಕುಮಾರರಂಥ ಗಾಯಕರು ಅವರ ಗರಡಿಯಲ್ಲಿ ಬೆಳೆದವರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದರು.

ಆಶ್ರಮಕ್ಕೆ ಬಂದ ಎಲ್ಲ ಮಕ್ಕಳೂ ದೊಡ್ಡ ಗವಾಯಿಗಳಾಗಲಿಲ್ಲ. ಆಗುವುದು ಸಾಧ್ಯವೂ ಅಲ್ಲ. ಒಬ್ಬನು ಶಾಲೆಯಲ್ಲಿ ಸಂಗೀತದ ಮೇಷ್ಟರಾದರೆ ಇನ್ನೊಬ್ಬನು ಪುರಾಣ ಪ್ರವಚನಕ್ಕೆ ತಬಲಾ ಸಾಥಿ ಕೊಡುತ್ತಾನೆ, ಮತ್ತೊಬ್ಬನು ಕೀರ್ತನೆ ಮಾಡುತ್ತಾನೆ. ದುಡಿದು ಉಣ್ಣುವ ಅವನನ್ನು ಊರವರು 'ಗವಾಯಿಗಳು ಬಂದರು' ಎಂದು ಎದ್ದು ಕರೆದು ಕೂಡಿಸುತ್ತಾರೆ. ಸಂಸ್ಥೆಯ ಬೆಲೆಯನ್ನು ಪ್ರಶಸ್ತಿಗಳಿಂದಲ್ಲ, ಈ ಗೌರವದಿಂದ ಅಳೆಯಬೇಕು.

ಗುರುವಿನ ವಿದ್ಯೆಯೊಂದೇ ಇದ್ದಿದ್ದರೆ ಈ ಕಾರ್ಯ ನಡೆಯುತ್ತಿರಲಿಲ್ಲ. ಹಿಡಿ ಜೋಳವನ್ನು ನೀಡಿದ ಕೈಗಳೂ ಬೇಕಾದುವು. ನಮ್ಮ ನಮ್ಮ ಓಣಿಯಲ್ಲಿಯೂ ಬಾಗಿಲ ಹಿಂದೆ ಕುಳಿತು ಪಕ್ಕದ ಮನೆಯ ಬಾನುಲಿಗೆ ಕಿವಿಗೊಟ್ಟ ಕಣ್ಣಿಲ್ಲದ ಮಗುವೊಂದು ಇದ್ದೀತು. ಅದನ್ನು ಒಳಗೆ ಕರೆದು, ಪೆಟ್ಟಿಗೆಯ ಮುಂದೆ ಕೂಡಿಸಿ, ಬಳಿಕ ಒಬ್ಬ ಗುರುವಿನ ಬಳಿಗೆ ಕರೆದೊಯ್ಯುವುದು ನಮ್ಮಿಂದ ಆಗದ ಕೆಲಸವೇನೂ ಅಲ್ಲ.