ತೀನ್ ಕಂದೀಲ್: ರಾಯಚೂರಿನ ಹಳೆ ಪೇಟೆ

ರಾಯಚೂರಿನ ಹಳೆ ಪೇಟೆಯ ನಟ್ಟನಡುವಿನ ವೃತ್ತವೇ ತೀನ್ ಕಂದೀಲ್. ಮೂರು ಕಂದೀಲು ಎಂದು ಇದರ ಅರ್ಥ. ಬಟ್ಟೆ, ಬಂಗಾರ, ಪಾತ್ರೆ, ಕಿರಾಣಿ ಅಂಗಡಿಗಳೆಲ್ಲ ಈ ಸುತ್ತಿನ ಓಣಿಗಳಲ್ಲಿವೆ. ಪೇಟೆಯ ಮಹಾವೀರ ಚೌಕ್ ಸಮಾಜ ಬಾಂಧವರಿಗೆ ಪರಿಚಿತ ಹೆಸರು. ಗಬ್ಬೂರಿನ ಮೇಲೆ ಬರುವ ದೇವದುರ್ಗದವರು, ಸಿಂಧನೂರು ರಸ್ತೆಯಿಂದ ಬರುವ ಮಾನ್ವಿಯವರು ಮದುವೆ ಜವಳಿಗೆ ಇಂದಿಗೂ ಇಲ್ಲಿಗೇ ಬರುತ್ತಾರೆ.

ಪೇಟೆಗೆ ಹೊಂದಿಕೊಂಡ ಕೋಟೆಯ ಒಳಸುತ್ತು ಕಾಕತೀಯರ ಕಾಲದ್ದು. 1294ರ ಶಾಸನವಿರುವ ಕಲ್ಲು 41 ಅಡಿಗೂ ಹೆಚ್ಚು ಉದ್ದವಿದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ, ಸಾಲು ಎತ್ತು ಹೂಡಿ ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲಿ ಕೊರೆದಿದ್ದಾರೆ. ಮಕ್ಕಳಿಗೆ ತಪ್ಪದೆ ತೋರಿಸಬೇಕಾದದ್ದು ಇದು. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಸುಲ್ತಾನನಿಂದ ಗೆದ್ದುಕೊಂಡ ಕೋಟೆಯೂ ಇದೇ. ಹಳೆ ಊರಿನ ಏಕ್ ಮಿನಾರ್ ಮಸೀದಿ ಬಹಮನಿ ಕಾಲದ್ದು.

1871ರಲ್ಲಿ ಮುಂಬೈ ಕಡೆಯ ಮತ್ತು ಮದ್ರಾಸ್ ಕಡೆಯ ರೈಲು ಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ಹತ್ತಿ, ಶೇಂಗಾ ದೂರದ ಊರುಗಳಿಗೆ ಹೋಗಲು ದಾರಿಯಾಯಿತು. ಈಗ ಸಗಟು ವ್ಯಾಪಾರಕ್ಕೆ ರಾಜೇಂದ್ರ ಗಂಜ್ ಇದೆ, ಚಿಲ್ಲರೆ ಗಿರಾಕಿ ಮಾತ್ರ ಹಳೆ ಪೇಟೆ ಬಿಟ್ಟಿಲ್ಲ.

ಕೋಟೆಯ ಚರಿತ್ರೆ ಕಲ್ಲಿನಲ್ಲಿದೆ. ಪೇಟೆಯ ಚರಿತ್ರೆ ಇರುವುದು ಅಂಗಡಿಗಳ ಅಟ್ಟದ ಮೇಲಿನ ಲೆಕ್ಕದ ಪುಸ್ತಕ, ಖರೀದಿ ಪತ್ರಗಳಲ್ಲಿ. ಅಂಗಡಿ ಕೆಡವಿ ಕಟ್ಟುವಾಗ ಇವು ರದ್ದಿಗೆ ಹೋಗುತ್ತವೆ. ಉರ್ದು ಓದಲು ಬಾರದು, ತಾರೀಖು ತಿಳಿಯದು ಎಂಬುದೇ ಮುಖ್ಯ ಕಾರಣ. ತಾರೀಖು ತಿಳಿಯುವುದೇನೂ ಕಷ್ಟವಲ್ಲ. ನಿಜಾಮರ ಆಡಳಿತದ ಕಾಗದಗಳಲ್ಲಿ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿದರೆ ಸುಮಾರಾಗಿ ಇಂಗ್ಲಿಷ್ ವರ್ಷ ಸಿಗುತ್ತದೆ: ಫಸಲಿ 1340 ಎಂದರೆ 1930–31. ಮೊತ್ತ ಹಾಲಿ ಸಿಕ್ಕಾದಲ್ಲಿದ್ದರೆ ಅದು ಹೈದರಾಬಾದ್ ರೂಪಾಯಿ. ಅಂಥ 7 ರೂಪಾಯಿಗೆ ಬ್ರಿಟಿಷ್ ಇಂಡಿಯಾದ 6 ರೂಪಾಯಿ ಲೆಕ್ಕ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿದ ಮೇಲೂ ಕೆಲ ವರ್ಷ ಈ ನಾಣ್ಯ ಚಲಾವಣೆಯಲ್ಲಿತ್ತು.

ದೇವದುರ್ಗ, ಮಾನ್ವಿಯ ಮನೆಗಳಲ್ಲೂ ರಾಯಚೂರು ಪೇಟೆಯ ಹಳೆ ಪಟ್ಟಿಗಳು ಇರಬಹುದು. ರದ್ದಿಗೆ ಹಾಕುವ ಮುನ್ನ ಪ್ರತಿ ಹಾಳೆಯ ಫೋಟೋ ತೆಗೆದು, ಯಾವ ಅಂಗಡಿಯದು, ಯಾವ ಓಣಿಯದು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಬೇಕು.