ಅಣೆಕಟ್ಟಿನ ಮಟ್ಟ, ಕಾಲುವೆಯ ಗೇಜ್

ಜಲಾಶಯ ತುಂಬಿದ ಮಾತ್ರಕ್ಕೆ ಕೊನೆಯ ಹೊಲಕ್ಕೂ ನೀರು ಬಂತೆಂದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಇತಿಹಾಸ ಹೇಳುವುದು ಇದನ್ನೇ.

ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಸರ್ಕಾರ 1945ರಲ್ಲಿ ಅಡಿಗಲ್ಲು ಹಾಕಿದ ಈ ಯೋಜನೆಯಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಬರ ತಡೆಯುವುದೇ ಮೂಲ ಉದ್ದೇಶ. ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ ಹೆಚ್ಚು ಹೊಲ, ಕಡಿಮೆ ನೀರು ಎಂಬ ಲೆಕ್ಕ ಹಾಕಲಾಗಿತ್ತು. ಆದರೆ ಕರಾವಳಿ ಆಂಧ್ರದಿಂದ ಬಂದ ರೈತರು ಸಿಂಧನೂರು ಸುತ್ತ ಕ್ಯಾಂಪ್ ಕಟ್ಟಿಕೊಂಡು ಭತ್ತ ಬೆಳೆದರು. ಸ್ಥಳೀಯರೂ ಅದೇ ದಾರಿ ಹಿಡಿದರು. ಮೇಲಿನ ಗದ್ದೆಗಳು ನೀರು ಕುಡಿದಷ್ಟೂ ಕೆಳಗಿನ ಮಾನ್ವಿ, ರಾಯಚೂರಿನ ಹೊಲಗಳು ಕಾಯಬೇಕಾಯಿತು.

ಇದಕ್ಕೆ ಹೂಳೂ ಸೇರಿತು. ಗರಿಷ್ಠ ಮಟ್ಟ ಇಂದಿಗೂ 1633 ಅಡಿಯೇ. ಆದರೆ ಅಲ್ಲಿ ಹಿಡಿಯುವ ನೀರು 133 ಟಿಎಂಸಿ ಅಡಿಯಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ, ದುರಸ್ತಿಗಾಗಿ ತುಂಬಿದ ನೀರನ್ನೇ ನದಿಗೆ ಬಿಡಬೇಕಾಯಿತು.

ಎಷ್ಟು ದಿನ, ಎಷ್ಟು ಕ್ಯುಸೆಕ್ ನೀರೆಂದು ನಿರ್ಧರಿಸುವುದು ನೀರಾವರಿ ಸಲಹಾ ಸಮಿತಿ. ಕೆಳಭಾಗದ ರೈತರು ಮಾತ್ರ 69ನೇ ಮೈಲಿನ ಗೇಜ್ ಎಷ್ಟೆಂದು ಕೇಳುತ್ತಾರೆ. ಅಣೆಕಟ್ಟಿನ ಮಟ್ಟಕ್ಕಿಂತ ಅವರ ಬೆಳೆಯ ಭವಿಷ್ಯ ನಿಂತಿರುವುದು ಆ ಅಂಕಿಯ ಮೇಲೆ.