ಕಾಲುವೆಯ ಕೊನೆ ತೂಬಿಗೆ ನೀರು ಬರಲಿ

ಸುರಪುರ ಸಮೀಪದ ಬೋನಾಳ ಕೆರೆಗೆ ಇವತ್ತು ಜನ ಹೋಗುವುದು ಹಕ್ಕಿ ನೋಡಲು. ಅದನ್ನು ಕಟ್ಟಿಸಿದ ಸುರಪುರದ ನಾಯಕರಿಗೆ ಬೇಕಿದ್ದದ್ದು ಮಳೆನೀರನ್ನು ಬೇಸಿಗೆಗೆ ಉಳಿಸುವುದು. ಕೆರೆ, ಬಾವಿ, ಹೊಲದ ಒಡ್ಡು, ಈ ಸೀಮೆಯ ಜಲಸಂರಕ್ಷಣೆ ಬಹುಕಾಲ ಇಷ್ಟರಲ್ಲೇ ನಡೆಯಿತು. ಎರೆಹೊಲದ ಹಿಂಗಾರಿ ಜೋಳ ಬೆಳೆದದ್ದು ಒಡ್ಡು ಹಿಡಿದಿಟ್ಟ ಹಸಿಯ ಮೇಲೆ.

ಈ ಲೆಕ್ಕವನ್ನು ತಿರುವಿಹಾಕಿದ್ದು ಕೃಷ್ಣಾ ಮೇಲ್ದಂಡೆ ಯೋಜನೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟರು, 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಪೂರ್ಣಗೊಂಡಿತು. ಎಡದಂಡೆ ಕಾಲುವೆಯೂ ಅದರ ಹುಣಸಗಿ, ಶಹಾಪುರ, ಮುಡಬೂಳ ಶಾಖೆಗಳೂ ಬರಗಾಲದ ಊರುಗಳಿಗೆ ಕೃಷ್ಣೆಯನ್ನು ತಂದವು. ಯಾದಗಿರಿ ಕಡೆ ಮಾತ್ರ ಭೀಮೆ ಮತ್ತು ಹತ್ತಿಕುಣಿ, ಸೌದಾಗರದಂಥ ಸಣ್ಣ ಜಲಾಶಯಗಳೇ ಆಸರೆ.

ಕಾಲುವೆಗಳನ್ನು ರೂಪಿಸಿದ್ದು ಜೋಳ, ಶೇಂಗಾ, ಹತ್ತಿ, ತೊಗರಿಯಂಥ ಮಿತ ನೀರಿನ ಬೆಳೆಗಳಿಗೆ. ಮೇಲ್ಭಾಗದಲ್ಲಿ ಹರಡಿದ್ದು ಭತ್ತ. ಒಂದು ಎಕರೆ ಭತ್ತಕ್ಕೆ ನಿಲ್ಲಿಸುವ ನೀರು ಎರಡು ಮೂರು ಎಕರೆ ಜೋಳಕ್ಕೆ ಸಾಕು. ಹಾಗಾಗಿ ತೂಬಿನ ಹತ್ತಿರದವರಿಗೆ ಎರಡು ಬೆಳೆ, ಕೊನೆಯವರಿಗೆ ಒಣಗಾಲುವೆ. ಮೇಲಿನ ಭತ್ತದ ಮಡಿಯಿಂದ ಬಸಿದ ನೀರು ತಗ್ಗಿನ ಎರೆಹೊಲದಲ್ಲಿ ನಿಲ್ಲುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಬರುತ್ತದೆ, ಕಪ್ಪು ನೆಲಕ್ಕೆ ಬಿಳಿ ಪೊರೆ ಕಟ್ಟುತ್ತದೆ, ಬಿತ್ತಿದ ಕಾಳು ಅಲ್ಲಲ್ಲಿ ಮಾತ್ರ ಮೊಳೆಯುತ್ತದೆ. ಇದು ಸವಳು-ಜವಳು. ನೀರು ಕಡಿಮೆಯಾಗಿ ಕೆಟ್ಟ ಹೊಲ ಮುಂದಿನ ಮಳೆಗೆ ಚೇತರಿಸಿಕೊಳ್ಳುತ್ತದೆ, ನೀರು ಹೆಚ್ಚಾಗಿ ಕೆಟ್ಟದ್ದು ಹಾಗಲ್ಲ.

ಹೊಲಗಾಲುವೆ, ಬಸಿಗಾಲುವೆ ನೋಡಿಕೊಳ್ಳಲು ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿ ಬಂತು. ನೀರು ಬಳಕೆದಾರರ ಸಹಕಾರ ಸಂಘಗಳಾದವು. ಕೆಲವು ದಿನ ನೀರು, ಕೆಲವು ದಿನ ಬಂದ್ ಎಂಬ ಪಾಳಿ ಪದ್ಧತಿ ಜಾರಿಯಾಯಿತು. ಕಾಗದದಲ್ಲಿ ಎಲ್ಲವೂ ಸರಿಯಿದೆ. ಆದರೆ ಹೂಳು ತುಂಬಿದ ಹೊಲಗಾಲುವೆಯಲ್ಲಿ ಪಾಳಿ ನಡೆಯದು.

ಬಸಿನೀರಿನ ಮರುಬಳಕೆಯನ್ನು ರೈತರು ಯಾರ ಆದೇಶಕ್ಕೂ ಕಾಯದೆ ಶುರು ಮಾಡಿದರು. ಮೇಲಿನ ಗದ್ದೆಗಳಿಂದ ಬಸಿದು ಹಳ್ಳ ಸೇರಿದ ನೀರಿಗೆ ಪಂಪ್‌ಸೆಟ್ ಹಚ್ಚಿ, ಪೈಪಿನಲ್ಲಿ ಏರಿಸಿ ಹತ್ತಿಗೆ ಹಾಯಿಸುತ್ತಾರೆ. ಹಳ್ಳಕ್ಕೆ ಅಡ್ಡಲಾಗಿ ಚೆಕ್ ಡ್ಯಾಂ ಇದ್ದರೆ ಅದೇ ನೀರು ಇನ್ನಷ್ಟು ದಿನ ಸಿಗುತ್ತದೆ. ಉಪ್ಪಿನಂಶ ಪರೀಕ್ಷಿಸದೆ ಹಾಯಿಸಿದರೆ ಮಾತ್ರ ಸವಳು ಒಂದು ಹೊಲದಿಂದ ಇನ್ನೊಂದಕ್ಕೆ ದಾಟುತ್ತದೆ. ನೀರು ಉಳಿಸುವಲ್ಲಿ ನನಗೆ ಹೆಚ್ಚು ಭರವಸೆ ಕೂರಿಗೆಯಿಂದ ನೇರ ಬಿತ್ತುವ ಭತ್ತದ ಮೇಲೆ. ಸಸಿಮಡಿಯಿಲ್ಲ, ರೊಳ್ಳೆ ಹೊಡೆಯುವುದಿಲ್ಲ, ಕಾಲುವೆಗೆ ಕಾಯದೆ ಮಳೆಗೇ ಬಿತ್ತಬಹುದು. ಕಾಲುವೆ ತಲುಪದ ಮಳೆಯಾಶ್ರಿತ ಹೊಲಗಳಿಗೆ 2014ರಿಂದ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯ ಹೊಂಡಗಳು ಬಂದವು.

2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ಎಡದಂಡೆ ಕಾಲುವೆ ಆಧುನೀಕರಣದ ವೆಚ್ಚ ಸುಮಾರು 4,700 ಕೋಟಿ ರೂಪಾಯಿ, ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ದೂರದಿಂದಲೇ ಗೇಟು ಎತ್ತಿ ಇಳಿಸುವ ಸ್ಕಾಡಾ ವ್ಯವಸ್ಥೆ ಸೋರಿಕೆಯನ್ನೂ ತಂಟೆಯನ್ನೂ ತಗ್ಗಿಸಬಲ್ಲದು. ಆದರೆ ಗೇಟಿನಾಚೆ ಯಾವ ಬೆಳೆ ಇರಬೇಕೆಂದು ಅದು ತೀರ್ಮಾನಿಸಲಾರದು. ಆ ತೀರ್ಮಾನ ನೀರು ಬಳಕೆದಾರರ ಸಂಘಗಳ ಕೆಲಸ. ಮುಂದಿನ ಹಂಗಾಮಿನ ಸಭೆಯಲ್ಲಿ ಕೊನೆ ತೂಬಿನ ರೈತರಿಗೆ ಮೊದಲು ಮಾತಾಡಲು ಬಿಡಿ, ಬಸಿಗಾಲುವೆಯ ಹೂಳು ತೆಗೆಸುವ ಠರಾವನ್ನು ಅದೇ ದಿನ ಬರೆಯಿರಿ.